ಅಲಂಕಾರವೂ ಆಧಾರವೂ

ಉಪಮೆ, ರೂಪಕ, ದೃಷ್ಟಾಂತ ಮೊದಲಾದ ಅಲಂಕಾರಗಳನ್ನು ಪರೀಕ್ಷೆಗಾಗಿ ಕಲಿತು, ಪಾಠಶಾಲೆಯನ್ನು ಬಿಟ್ಟ ಮೇಲೆ ಮರೆತುಬಿಡುವವರು ಅನೇಕರು. ಆದರೆ ಇವು ಕವಿಗಳ ಸೊತ್ತು ಮಾತ್ರವಲ್ಲ. ಔಷಧ ಮಾರುವವನೂ ಮತ ಬೇಡುವವನೂ ಸಂಬಂಧ ಕೇಳಿ ಪತ್ರ ಬರೆಯುವವನೂ ಇವನ್ನೇ ಬಳಸುತ್ತಾರೆ. ಆದಕಾರಣ ಮಾತಿನಲ್ಲಿ ಅಲಂಕಾರವೆಷ್ಟು, ಆಧಾರವೆಷ್ಟು ಎಂದು ಬೇರ್ಪಡಿಸುವ ವಿವೇಕವು ನಮ್ಮ ಹೆಣ್ಣುಮಕ್ಕಳಿಗೆ ಅವಶ್ಯವೆಂದು ನಾವು ಎಣಿಸುತ್ತೇವೆ.

ಗ್ರೀಕ್ ತತ್ತ್ವಜ್ಞಾನಿಯಾದ ಅರಿಸ್ಟಾಟಲನು, ಮನವೊಪ್ಪಿಸುವ ಸಾಧನಗಳು ಮೂರೆಂದು ವಿಭಾಗಿಸಿದನು: ಮಾತಾಡುವವನ ಶೀಲ, ಕೇಳುವವರ ಭಾವ, ಮಾತಿನೊಳಗಿನ ಯುಕ್ತಿ. ಇವುಗಳ ಸದುಪಯೋಗವೂ ದುರುಪಯೋಗವೂ ಅಪೊಸ್ತಲರ ಕೃತ್ಯಗಳ 24ನೆಯ ಅಧ್ಯಾಯದಲ್ಲಿ ಒಂದೇ ಕಡೆ ಕಾಣುತ್ತವೆ.

ಕೈಸರೈಯದಲ್ಲಿ, ದೇಶಾಧಿಪತಿಯಾದ ಫೇಲಿಕ್ಸನ ಮುಂದೆ ಪೌಲನ ಮೇಲೆ ದೂರು ಹೇಳುವದಕ್ಕೆ ತೆರ್ತುಲ್ಲನೆಂಬ ವಾಕ್ಚತುರನು ನಿಂತನು. ಅವನು ಮೊದಲು ಫೇಲಿಕ್ಸನ ಆಳಿಕೆಯನ್ನು ಹೊಗಳಿದನು, ಇದು ಮುಖಸ್ತುತಿ. ಬಳಿಕ ಪೌಲನನ್ನು ಪಿಡುಗೆಂದೇ ಕರೆದನು, ಇದು ರೂಪಕ. ಲೋಕದಲ್ಲೆಲ್ಲಾ ಇರುವ ಯೆಹೂದ್ಯರಲ್ಲಿ ಇವನು ಕಲಹವನ್ನೆಬ್ಬಿಸುತ್ತಾನೆಂದನು, ಇದು ಅತಿಶಯೋಕ್ತಿ. ದೇವಾಲಯವನ್ನು ಅಪವಿತ್ರಗೊಳಿಸಲು ಯತ್ನಿಸಿದನೆಂಬ ಆರೋಪಕ್ಕೆ ಮಾತ್ರ, ಪೌಲನನ್ನು ಅಲ್ಲಿ ಕಂಡವರನ್ನು ಕರೆತರಲಿಲ್ಲ.

ಪೌಲನೂ ದೇಶಾಧಿಪತಿಯನ್ನು ಮರ್ಯಾದೆಯಿಂದಲೇ ಸಂಬೋಧಿಸಿದನು. ಆದರೆ ಆತನು ಬಹು ವರ್ಷಗಳಿಂದ ಆ ಜನಕ್ಕೆ ನ್ಯಾಯಾಧಿಪತಿಯಾಗಿರುವನೆಂಬ ಸಂಗತಿಗಿಂತ ಹೆಚ್ಚೇನೂ ಹೇಳಲಿಲ್ಲ. ತಾನು ಯೆರೂಸಲೇಮಿಗೆ ಬಂದು 12 ದಿನಗಳಿಗಿಂತ ಹೆಚ್ಚಾಗಿಲ್ಲವೆಂದೂ ಅದನ್ನು ವಿಚಾರಿಸಿ ತಿಳಿಯಬಹುದೆಂದೂ, ದೂರು ಹೇಳಬೇಕಾಗಿದ್ದ ಅಸ್ಯಸೀಮೆಯ ಯೆಹೂದ್ಯರೇ ಅಲ್ಲಿಲ್ಲವೆಂದೂ ತೋರಿಸಿದನು. ಕಾಲ, ಸ್ಥಳ, ಸಾಕ್ಷಿ ಇವೇ ಯುಕ್ತಿಯ ಅಂಗಗಳು.

ಹಾಗೆಂದು ಅಲಂಕಾರವೆಲ್ಲವೂ ವಂಚನೆಯೆಂದು ಭಾವಿಸಬಾರದು. ಪ್ರವಾದಿಯಾದ ನಾತಾನನು ದಾವೀದನ ಪಾಪವನ್ನು ಮೊದಲೇ ಖಂಡಿಸದೆ, ಬಡವನ ಒಂದೇ ಕುರಿಮರಿಯನ್ನು ಐಶ್ವರ್ಯವಂತನು ಕಿತ್ತುಕೊಂಡ ದೃಷ್ಟಾಂತವನ್ನು ಹೇಳಿದನು. ಅರಸನು ಕೋಪಗೊಂಡು ತೀರ್ಪುಕೊಟ್ಟ ಮೇಲೆ, ಆ ಮನುಷ್ಯನು ಅರಸನೇ ಎಂದು ತಿಳಿಸಿದನು. ತೆರ್ತುಲ್ಲನ ಅಲಂಕಾರವು ಸತ್ಯವನ್ನು ಮುಚ್ಚಿತು. ನಾತಾನನದು ಸತ್ಯಕ್ಕೆ ಬಾಗಿಲನ್ನು ತೆರೆಯಿತು.

ಪೌಲನ ಯುಕ್ತಿಯನ್ನು ಕೇಳಿದ ಫೇಲಿಕ್ಸನಾದರೋ ತೀರ್ಪನ್ನು ಮುಂದೂಡಿದನು. ಲಂಚದ ಆಶೆಯನ್ನಿಟ್ಟುಕೊಂಡು 2 ವರ್ಷಗಳ ವರೆಗೂ ಅವನನ್ನು ಸೆರೆಯಲ್ಲೇ ಇರಿಸಿದನು. ಕೇಳುವವನಲ್ಲಿ ನ್ಯಾಯಬುದ್ಧಿಯಿಲ್ಲದಿದ್ದರೆ ಉತ್ತಮ ವಾದವೂ ನಿಷ್ಫಲವೇ ಸರಿ.

ಮನೆಗೆ ಬರುವ ಮಾತುಗಳಿಗೆ ತಾಯ್ತಂದೆಗಳೇ ನ್ಯಾಯಾಧಿಪತಿಗಳು. ಪತ್ರಿಕೆಯ ಒಂದು ಜಾಹೀರಾತನ್ನು ಮಕ್ಕಳೊಡನೆ ಓದಿ, ಹೊಗಳಿಕೆಯನ್ನೂ ಅತಿಶಯೋಕ್ತಿಯನ್ನೂ ಹೊಡೆದುಹಾಕಿ, ಉಳಿದದ್ದೇನೆಂದು ನೋಡಿರಿ. ಮಗಳ ವಿವಾಹದ ಮಾತುಕತೆಯಲ್ಲಿ ಇದು ಇನ್ನೂ ಅಗತ್ಯ. 'ಬಂಗಾರದಂಥ ಹುಡುಗ' ಎಂಬುದು ಉಪಮೆ. ಅವನ ಉದ್ಯೋಗವೇನು, ಆರೋಗ್ಯವೂ ನಡತೆಯೂ ಹೇಗೆ, ಅವನನ್ನು ಬಲ್ಲವರು ಯಾರು ಎಂಬುದೇ ಆಧಾರ. ಉಪಮೆಯನ್ನು ಕೇಳಿ ಸಂತೋಷಪಡಬಹುದು. ಒಪ್ಪಿಗೆಯನ್ನು ಆಧಾರ ದೊರೆತ ಮೇಲೆಯೇ ಕೊಡತಕ್ಕದ್ದು.