ಎದೆಮೂಳೆ ಕೂಡುವ ತನಕ ಕಾಯಿರಿ
ಬೈಪಾಸ್ ಆಗಿ ಐದು ವಾರವಾದ ಅಪ್ಪನಿಗೆ ಎಣ್ಣೆ ತಿಕ್ಕಿ ನೀರು ಹಾಕಬಹುದೇ ಎಂದು ಕೇಳಿದ್ದೀರಿ. ನಿಮ್ಮ ಅಕ್ಕರೆ ಅರ್ಥವಾಗುತ್ತದೆ, ಆದರೆ ಎದೆಯ ಮೇಲೆ ಈಗಲೇ ಬೇಡ. ಸೀಳಿದ ಎದೆಮೂಳೆಯನ್ನು ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ಪಕ್ಕೆಲುಬು ಒತ್ತಬೇಡಿ, ಬೋರಲು ಮಲಗಿಸಿ ಬೆನ್ನು ತಿಕ್ಕಬೇಡಿ, ತುಂಬಿದ ಕೊಡ ಎತ್ತಲು ಬಿಡಬೇಡಿ.

ಅವರನ್ನು ಹೆಚ್ಚು ಕಾಡುತ್ತಿರುವುದು ಕುತ್ತಿಗೆ, ಹೆಗಲಿನ ಬಿಗಿತ ಎಂದು ನನಗನ್ನಿಸುತ್ತದೆ. ನೋವಿಗೆ ಹೆದರಿ ಮುಂದಕ್ಕೆ ಬಾಗಿಯೇ ಕೂತರೆ ಹಾಗಾಗುತ್ತದೆ. ವೈದ್ಯರನ್ನು ಒಂದು ಮಾತು ಕೇಳಿ, ಕುರ್ಚಿಯಲ್ಲಿ ಕೂರಿಸಿ, ಅಂಗೈಯಿಂದ ಹೆಗಲನ್ನು ಹಗುರವಾಗಿ ನೀವಿ. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಜೋರಾಗಿ ಒತ್ತಿದರೆ ಮೈ ಕಂದುಗಟ್ಟುತ್ತದೆ. ಬೈಪಾಸ್‌ಗೆಂದು ಕಾಲಿನಿಂದ ರಕ್ತನಾಳ ತೆಗೆದಿದ್ದರೆ ಆ ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಮೀನಖಂಡ ಊದಿ ನೋಯುತ್ತಿದ್ದರೆ ಮಾತ್ರ ತಿಕ್ಕಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ತೋರಿಸಿ.

ಹಕ್ಕಳೆಯೆಲ್ಲ ತಾನಾಗಿ ಉದುರಿ, ಶಸ್ತ್ರವೈದ್ಯರು ಒಪ್ಪಿದ ಮೇಲೆ, ಗಾಯದ ಕಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಒಂದೇ ಬೆರಳಿನಲ್ಲಿ ಸಣ್ಣಗೆ ಸುತ್ತು ತಿರುಗಿಸಿ. ಕೆಮ್ಮುವಾಗ ದಿಂಬನ್ನು ಎದೆಗೆ ಅಪ್ಪಿಕೊಳ್ಳಲಿ. ಎದೆಯಲ್ಲಿ ಟಕ್ಕೆಂದು ಸದ್ದಾದರೆ, ಕೀವು ಸೋರಿದರೆ, ಜ್ವರ ಬಂದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ.