ಗುಳಿಗೆಯ ಜೊತೆಗೆ ಮನಸ್ಸನ್ನೂ ಕೇಳೋಣ



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಸಂತ ಎರಡನೆಯ ಜಾನ್ ಪೌಲರು 1992ರಲ್ಲಿ ಆ ದಿನವನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. 1993ರಿಂದ ಧರ್ಮಸಭೆಯು ಪ್ರತಿವರ್ಷ ಅದನ್ನು ಆಚರಿಸುತ್ತಿದೆ. ಆ ದಿನದ ಸಿದ್ಧತೆಗಾಗಿ ಯುವಜನ ಸಂಘದ ನಾವು ಈ ಪಾಠವನ್ನು ಬರೆದಿದ್ದೇವೆ. ಮನೆಯಲ್ಲಿ ಶುಗರ್, ಬಿ.ಪಿ., ಹೃದಯದ ತೊಂದರೆ, ದಮ್ಮು ಇರುವವರು ಒಬ್ಬರಾದರೂ ಇದ್ದರೆ ಈ ಪಾಠ ನಿಮಗಾಗಿ. ಮಂದ್ರೂಪದ ಸುತ್ತಮುತ್ತ ಅಂಥವರು ಒಬ್ಬರೂ ಇಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ.

ಒಂದು ಮನೆಯಲ್ಲಿ ಕಂಡದ್ದು

ತಿಂಗಳ ಮೊದಲ ಶುಕ್ರವಾರ ಗುರುಗಳು ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಡಲು ಹೋಗುವಾಗ ನಮ್ಮಲ್ಲಿ ಇಬ್ಬರು ಮೂವರು ಜೊತೆಗಿರುತ್ತೇವೆ. ಹಾಗೆ ಹೋದ ಒಂದು ಮನೆಯಲ್ಲಿ ಅಜ್ಜಿಯೊಬ್ಬರಿದ್ದರು. ಹತ್ತು ವರ್ಷದಿಂದ ಶುಗರ್. ಪ್ರತಿ ತಿಂಗಳೂ ದವಾಖಾನೆಗೆ ಹೋಗುತ್ತಾರೆ, ರಕ್ತ ತೋರಿಸುತ್ತಾರೆ, ಗುಳಿಗೆ ತರುತ್ತಾರೆ. ಆದರೂ ಶುಗರ್ ಇಳಿದಿರಲಿಲ್ಲ. ಪ್ರತಿ ಸಲವೂ ಡೋಸ್ ಹೆಚ್ಚಾಗುತ್ತಲೇ ಇತ್ತು. ನೀರು ಕೊಡಲೆಂದು ನಮ್ಮಲ್ಲಿ ಒಬ್ಬಳು ಒಳಗೆ ಹೋದಾಗ ಗೂಡಿನಲ್ಲಿ ಮೂರು ತಿಂಗಳ ಗುಳಿಗೆಗಳು ಹಾಗೆಯೇ ಇದ್ದವು.

“ಆಯಿ, ಗುಳಿಗಿ ಯಾಕ ನುಂಗಿಲ್ಲ?”

“ನುಂಗಿ ಏನ್ ಮಾಡೂದೈತವ್ವಾ? ಜೀವಾನ ಬ್ಯಾಸರಾಗ್ಯಾದ. ರಾತ್ರಿ ನಿದ್ದಿ ಹತ್ತೂದಿಲ್ಲ. ಅವರು ಹ್ವಾದ ಮ್ಯಾಲ ನನಗ ಊಟಾನೂ ಸೇರವಲ್ದು.”

ಯಜಮಾನರು ತೀರಿಕೊಂಡು ವರ್ಷವಾಗಿತ್ತು. ಆ ಒಂದು ವರ್ಷದಲ್ಲಿ ಅವರ ಚೀಟಿಯ ಮೇಲೆ ಶುಗರಿನ ಅಂಕಿ ಹನ್ನೆರಡು ಸಲ ಬರೆಯಲ್ಪಟ್ಟಿದೆ. ಮನಸ್ಸಿನ ಬಗ್ಗೆ ಒಂದು ಪದವೂ ಇಲ್ಲ. ಯಾರೂ ಕೇಳಲೇ ಇಲ್ಲವೇ ಎಂದರೆ, ಒಮ್ಮೆ ಒಬ್ಬ ನರ್ಸ್ ಕೇಳಿದ್ದರಂತೆ, ಮರಾಠಿಯಲ್ಲಿ: “ಉದಾಸ್ ವಾಟತಂ ಕಾ?” ಅಜ್ಜಿ “ನಾಹೀ” ಎಂದರಂತೆ. ಸಂತೆಯಲ್ಲಿ ವ್ಯವಹಾರ ಮಾಡುವಷ್ಟು ಮರಾಠಿ ಅವರಿಗೆ ಬರುತ್ತದೆ. ಆದರೆ ಎದೆಯೊಳಗಿನ ಮಾತು ಅವರಿಗೆ ಬರುವುದು ಕನ್ನಡದಲ್ಲಿ. ನರ್ಸ್ ಬಾಯಿಯವರದೂ ತಪ್ಪಿಲ್ಲ. ಹಿಂದೆ ನಲವತ್ತು ಜನರ ಸಾಲು ನಿಂತಿತ್ತು.

ಗುರುಗಳ ಜೊತೆ ಹಿಂದಿರುಗುವಾಗ ನಮಗೆ ತಿಳಿದದ್ದು ಇಷ್ಟು: ಅಜ್ಜಿಯ ಶುಗರ್ ಇಳಿಯಬೇಕಾದರೆ ಮೊದಲು ಅವರ ದುಃಖವನ್ನು ಯಾರಾದರೂ ಕೇಳಬೇಕು. ಅದೂ ಬೇರೆ ದಿನ, ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೇಳಿದರೆ ಸಾಲದು. ಶುಗರ್ ನೋಡುವ ದಿನವೇ, ಅದೇ ಕೋಣೆಯಲ್ಲಿ, ಅವರ ಮಾತಿನಲ್ಲೇ ಕೇಳಬೇಕು.

ದೇಹ ಮತ್ತು ಮನಸ್ಸು ಒಂದೇ ಮನೆಯವು

ನಮ್ಮಲ್ಲಿ ಬಿ.ಎಸ್ಸಿ. ಓದಿದವರು ಹಾರ್ಮೋನುಗಳ ಪಾಠವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಈಗ ಅದರ ಅರ್ಥ ತಿಳಿಯುತ್ತಿದೆ. ಚಿಂತೆ, ಭಯ, ದುಃಖ ಬಹಳ ದಿನ ಉಳಿದರೆ ದೇಹದಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಅವು ಪಿತ್ತಜನಕಾಂಗದಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ, ರಕ್ತದೊತ್ತಡವನ್ನೂ ಏರಿಸುತ್ತವೆ. ಇದು ಒಂದು ದಾರಿ.

ಇನ್ನೊಂದು ದಾರಿ ಇನ್ನೂ ಸರಳ. ಮನಸ್ಸು ಕುಗ್ಗಿದವರು ಗುಳಿಗೆ ಮರೆಯುತ್ತಾರೆ, ನಡೆದಾಡುವುದನ್ನು ಬಿಡುತ್ತಾರೆ, ಸಿಕ್ಕ ಹೊತ್ತಿಗೆ ಸಿಕ್ಕದ್ದನ್ನು ತಿನ್ನುತ್ತಾರೆ. ಕೆಲವರು ತಂಬಾಕು, ಸೆರೆ ಹಿಡಿಯುತ್ತಾರೆ. ಇದರಿಂದ ರೋಗ ಬಲಿಯುತ್ತದೆ. ರೋಗ ಬಲಿತಂತೆ ಕಾಲಿನ ಗಾಯ, ಕಣ್ಣಿನ ಮಂಜು, ಔಷಧದ ಖರ್ಚು, ಮಕ್ಕಳಿಗೆ ಭಾರವಾದೆನೆಂಬ ಸಂಕಟ ಬರುತ್ತವೆ. ಮನಸ್ಸು ಮತ್ತಷ್ಟು ಕುಗ್ಗುತ್ತದೆ. ಶುಗರ್ ಇಲ್ಲದವರಿಗಿಂತ ಶುಗರ್ ಇರುವವರಲ್ಲಿ ಖಿನ್ನತೆ ಸುಮಾರು ಎರಡು ಪಟ್ಟು ಹೆಚ್ಚು ಎಂದು ವೈದ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ನಮ್ಮ ದೇಶದಲ್ಲಿ ಶುಗರ್ ಇರುವವರ ಸಂಖ್ಯೆ 10 ಕೋಟಿ ದಾಟಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನ 2023ರಲ್ಲಿ ತಿಳಿಸಿತು.

ಇಲ್ಲಿ ಒಂದು ಎಚ್ಚರಿಕೆ. ಎದೆ ಡವಡವ ಎಂದಾಗಲೆಲ್ಲ ಅದು ಮನಸ್ಸಿನ ತೊಂದರೆಯೇ ಆಗಬೇಕಿಲ್ಲ. ಶುಗರ್ ತೀರ ಇಳಿದರೂ ಬೆವರು, ನಡುಕ, ಗಾಬರಿ ಬರುತ್ತವೆ. ಥೈರಾಯ್ಡ್ ಕಡಿಮೆಯಾದರೂ, ವಿಟಮಿನ್ ಬಿ12 ಕಡಿಮೆಯಾದರೂ ಮೈ ಜಡವಾಗಿ ಮನಸ್ಸು ಮಂಕಾಗುತ್ತದೆ. ಆದ್ದರಿಂದಲೇ ದೇಹವನ್ನು ನೋಡುವವರು ಮತ್ತು ಮನಸ್ಸನ್ನು ನೋಡುವವರು ಒಂದೇ ಕಡೆ ಇರುವುದು ಒಳ್ಳೆಯದು.

ಬಡ ಊರಲ್ಲಿ ಇದು ಸಾಧ್ಯವೇ?

“ಅದೆಲ್ಲ ದೊಡ್ಡ ಊರಿನವರಿಗೆ, ನಮ್ಮ ಕಡೆ ಮನೋವೈದ್ಯರು ಎಲ್ಲಿದ್ದಾರೆ?” ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದ್ದು ಕನ್ನಡದ ನೆಲದಲ್ಲೇ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 1970ರ ದಶಕದಲ್ಲೇ ಹತ್ತಿರದ ಸಕಲವಾರದಲ್ಲಿ ಹಳ್ಳಿಯ ಜನರಿಗಾಗಿ ಕೆಲಸ ಶುರು ಮಾಡಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡರು. ಆಗ ಅಲ್ಲಿ ಸುಮಾರು 15 ಲಕ್ಷ ಜನ. ಮನೋವೈದ್ಯರನ್ನು ಹಳ್ಳಿ ಹಳ್ಳಿಗೆ ಕಳಿಸುವುದು ಆಗದ ಮಾತು. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು, ಬೇಕಾದ ಕೆಲವೇ ಔಷಧಗಳನ್ನು ಆ ಕೇಂದ್ರಗಳಲ್ಲೇ ಇಟ್ಟರು, ಸರಳವಾದ ದಾಖಲೆ ಪುಸ್ತಕ ಮಾಡಿದರು. ಕಠಿಣವಾದವರನ್ನು ಜಿಲ್ಲೆಯ ತಂಡ ನೋಡುತ್ತಿತ್ತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು.

ಮುಂದಿನ ಹೆಜ್ಜೆ ಶುಗರ್, ಬಿ.ಪಿ. ಚಿಕಿತ್ಸೆಗೆ ಇದನ್ನು ಜೋಡಿಸುವುದು. ನಮ್ಮ ಧರ್ಮಸಭೆಯದೇ ಆದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಶುಗರ್ ಅಥವಾ ಹೃದಯದ ರೋಗದ ಜೊತೆಗೆ ಖಿನ್ನತೆ ಇಲ್ಲವೇ ಆತಂಕ ಇರುವವರಿಗೆ ಒಂದೇ ಕಡೆ ಆರೈಕೆ ಕೊಡುವ ಕ್ರಮವನ್ನು ಪರೀಕ್ಷಿಸಿದ್ದಾರೆ.

ಇನ್ನೊಂದು ಅಧ್ಯಯನ ದೆಹಲಿ, ಚೆನ್ನೈ, ಬೆಂಗಳೂರು, ವಿಶಾಖಪಟ್ಟಣಗಳ ನಾಲ್ಕು ಚಿಕಿತ್ಸಾಲಯಗಳಲ್ಲಿ ನಡೆಯಿತು. ಅದರ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಶುಗರ್ ಮತ್ತು ಖಿನ್ನತೆ ಎರಡೂ ಇದ್ದ 404 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ, ವೈದ್ಯರಲ್ಲದ ತರಬೇತಿ ಪಡೆದ ಒಬ್ಬ ಸಹಾಯಕರು ಆಗಾಗ ವಿಚಾರಿಸುತ್ತಿದ್ದರು. ತಜ್ಞರು ಅವರ ಜೊತೆ ಕೂತು ಪ್ರತಿ ರೋಗಿಯ ಸ್ಥಿತಿಯನ್ನು ಪರಿಶೀಲಿಸುತ್ತಿದ್ದರು. 24 ತಿಂಗಳ ನಂತರ ನೋಡಿದಾಗ, ಖಿನ್ನತೆಯೂ ಇಳಿದು, ಶುಗರ್, ಬಿ.ಪಿ., ಕೊಲೆಸ್ಟ್ರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ ಸುಮಾರು 57. ವಿಚಾರಿಸುವವರಿದ್ದ ಗುಂಪಿನಲ್ಲಿ ನೂರಕ್ಕೆ ಸುಮಾರು 72.

ಈ ಎಲ್ಲ ಕಡೆಯೂ ಕೆಲಸಕ್ಕೆ ಬಂದದ್ದು ಹೊಸ ಕಟ್ಟಡವಾಗಲಿ ದುಬಾರಿ ಯಂತ್ರವಾಗಲಿ ಅಲ್ಲ. ಬೇಕಾದದ್ದು ಕೇಳುವ ಒಬ್ಬರು, ಬರೆದಿಡುವ ಒಂದು ಪುಸ್ತಕ, ಮತ್ತೆ ಬಂದು ವಿಚಾರಿಸುವ ಪದ್ಧತಿ, ಹಿಂದೆ ನಿಂತು ದಾರಿ ತೋರುವ ತಜ್ಞರು.

ನಮ್ಮ ಊರಲ್ಲಿ ಈಗಾಗಲೇ ಇರುವುದು

ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ಮನೆಗೆ ಬಂದು ತುಂಬಿಸುವ ಆರೋಗ್ಯದ ಫಾರ್ಮಿನಲ್ಲಿ ಬಿ.ಪಿ., ಶುಗರ್, ಕ್ಯಾನ್ಸರ್ ಪ್ರಶ್ನೆಗಳ ಜೊತೆ ಮನಸ್ಸಿನ ಎರಡು ಪ್ರಶ್ನೆಗಳೂ ಇವೆ. ಕಳೆದ ಎರಡು ವಾರದಲ್ಲಿ ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿದೆಯೇ, ಮನಸ್ಸು ಕುಗ್ಗಿ ನಿರಾಶೆಯಾಗಿದೆಯೇ ಎಂಬವೇ ಆ ಎರಡು. ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ ಎಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ 2, ಹೆಚ್ಚುಕಡಿಮೆ ದಿನಾಲೂ ಎಂದರೆ 3. ಎರಡೂ ಸೇರಿ 3 ದಾಟಿದರೆ ಆರೋಗ್ಯ ಅಧಿಕಾರಿಯ ಬಳಿಗೆ ಅಥವಾ ವೈದ್ಯರ ಬಳಿಗೆ ಕಳಿಸಬೇಕು. ಆಶಾ ತಾಯಿ ಬಂದಾಗ ಬೇಗ ಬೇಗ “ಇಲ್ಲ, ಇಲ್ಲ” ಎಂದು ಬರೆಸಿ ಕಳಿಸಬೇಡಿ.

ಫೋನಿನಲ್ಲಿ ಮಾತಾಡಬೇಕೆನಿಸಿದರೆ 14416. ಇದು ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ. 20 ಭಾಷೆಗಳಲ್ಲಿ ಈ ಸೇವೆಯಿದೆ, ಕನ್ನಡವೂ ಅದರಲ್ಲಿ ಒಂದು. ಸರ್ಕಾರದ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ.

ನಮ್ಮ ಪಾಲಿನ ಕೆಲಸ: ನಮ್ಮ ಮಾತಿನಲ್ಲಿ ಕೇಳುವುದು

ಪುಣೆ ಧರ್ಮಪ್ರಾಂತ್ಯದಲ್ಲಿ ಮರಾಠಿ, ಕೊಂಕಣಿ, ತಮಿಳು, ಇಂಗ್ಲಿಷ್ ಮಾತಾಡುವ ಬಂಧುಗಳ ನಡುವೆ ಕನ್ನಡದ ನಾವು ಕೆಲವೇ ಜನ. ಕನ್ನಡದಲ್ಲಿ ಬಲಿಪೂಜೆ ಸಿಕ್ಕಾಗ ನಮ್ಮ ಹಿರಿಯರ ಮುಖ ಅರಳುವುದನ್ನು ನೋಡಿದ್ದೇವೆ. ಪಾಪನಿವೇದನೆಯನ್ನು ಸ್ವಂತ ಭಾಷೆಯಲ್ಲಿ ಮಾಡಬೇಕೆಂದು ಕಾಯುವವರೂ ಇದ್ದಾರೆ. ದುಃಖ ಹೇಳಿಕೊಳ್ಳಲೂ ಅದೇ ಭಾಷೆ ಬೇಕು.

ನಮ್ಮ ಹಿರಿಯರು “ನನಗೆ ಖಿನ್ನತೆ” ಎನ್ನುವುದಿಲ್ಲ. “ಮೈಯಾಗ ಹುರುಪಿಲ್ಲ,” “ಎದಿ ಧಸಕ್ ಅಂತದ,” “ತಲಿ ಜಡ್ಡಾಗ್ಯಾದ,” “ಯಾರೂ ಬ್ಯಾಡ ಅನಸ್ತದ” ಎನ್ನುತ್ತಾರೆ. ಇವನ್ನು ಅವಸರದಲ್ಲಿ “ಅಶಕ್ತಪಣಾ” ಎಂದು ಮರಾಠಿಗೆ ತಿರುಗಿಸಿದರೆ ಸಿಗುವುದು ಶಕ್ತಿಯ ಗುಳಿಗೆ ಮಾತ್ರ. ಆದ್ದರಿಂದ ಯುವಜನ ಸಂಘದ ನಾವು ಹೀಗೆ ಮಾಡಲು ನಿಶ್ಚಯಿಸಿದ್ದೇವೆ.

ಒಂದು, ಒಂಟಿಯಾಗಿರುವ ಹಿರಿಯರು ದವಾಖಾನೆಗೆ ಹೋಗುವ ದಿನ ನಮ್ಮಲ್ಲಿ ಒಬ್ಬರು ಅವರ ಜೊತೆ ಹೋಗುತ್ತೇವೆ. ಅವರು ಹೇಳಿದ್ದನ್ನು ಕೂಡಿಸದೆ, ಕಳೆಯದೆ ಮರಾಠಿಯಲ್ಲಿ ಹೇಳುತ್ತೇವೆ. ಅವರು ಒಪ್ಪಿದರೆ ಮಾತ್ರ.

ಎರಡು, ಮನೆಗೆ ಹೋದಾಗ ನಿಧಾನವಾಗಿ ಕೇಳುತ್ತೇವೆ: “ಈ ಎರಡು ವಾರದಾಗ ಯಾವ ಕೆಲಸಕ್ಕೂ ಮನಸ್ಸು ಬರವಲ್ದು ಅನಸ್ತದೇನ್ರಿ? ಇನ್ನ ಮುಂದ ಚಲೋ ಆಗೂದಿಲ್ಲ ಅಂತ ಅನಸ್ತದೇನ್ರಿ?” ಉತ್ತರ ಬರುವ ತನಕ ಸುಮ್ಮನೆ ಕೂರುತ್ತೇವೆ. ಸೊಸೆಯ ಮುಂದೆ, ನೆರೆಯವರ ಮುಂದೆ ಕೇಳುವುದಿಲ್ಲ.

ಮೂರು, ಕೇಳಿದ್ದನ್ನು ಹೊರಗೆ ಆಡುವುದಿಲ್ಲ. ರೋಗದ ಹೆಸರಿಡುವುದೂ, ಗುಳಿಗೆ ಬದಲಿಸುವುದೂ ನಮ್ಮ ಕೆಲಸವಲ್ಲ. ಮನಸ್ಸಿನ ಗುಳಿಗೆ ಕೊಟ್ಟಿದ್ದರೆ ಅದು ಕೆಲಸ ಮಾಡಲು ಕೆಲವು ವಾರ ಬೇಕು, ವೈದ್ಯರನ್ನು ಕೇಳದೆ ನಡುವೆ ಬಿಡಬಾರದು ಎಂದಷ್ಟೇ ನೆನಪಿಸುತ್ತೇವೆ.

ನಾಲ್ಕು, ಯಾರಾದರೂ “ಸತ್ತರ ಬೇಷಿತ್ತು” ಎಂದರೆ ನಗೆಯಾಡುವುದಿಲ್ಲ, ಬೈಯುವುದೂ ಇಲ್ಲ. ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳುತ್ತೇವೆ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿ ಬಿಡದೆ 14416ಕ್ಕೆ ಫೋನ್ ಮಾಡುತ್ತೇವೆ, ಅಪಾಯ ಹತ್ತಿರವಿದ್ದರೆ 112ಕ್ಕೆ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಲ್ಲಿ ಕೀಲಿ ಹಾಕಿ ಇಡಲು ಇಂದೇ ಎಲ್ಲರಲ್ಲೂ ವಿನಂತಿ.

ಪ್ರವಾದಿ ಎಲೀಯನ ಪಾಠ

“ವಿಶ್ವಾಸ ಗಟ್ಟಿ ಇದ್ದರೆ ಮನಸ್ಸು ಕುಗ್ಗುವುದಿಲ್ಲ” ಎಂದು ನಮ್ಮಲ್ಲೇ ಕೆಲವರು ಹೇಳುವುದುಂಟು. ಅರಸರುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ಮನೆಯಲ್ಲಿ ಓದಿ ನೋಡಿ. ಕಾರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ಎಲೀಯನೇ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾವನ್ನು ಬೇಡಿದ. ದೇವರು ಅವನನ್ನು ಗದರಿಸಲಿಲ್ಲ. ದೂತನನ್ನು ಕಳಿಸಿ ರೊಟ್ಟಿ, ನೀರು ಕೊಟ್ಟರು, ಮಲಗಲು ಬಿಟ್ಟರು, ಎರಡನೆಯ ಸಲವೂ ಎಬ್ಬಿಸಿ ಉಣಿಸಿದರು. ಆಮೇಲೆ ಇಲ್ಲಿ ಏನು ಮಾಡುತ್ತಿರುವೆ ಎಂದು ಕೇಳಿ, ಅವನು ಹೇಳುವುದನ್ನು ಆಲಿಸಿದರು. ದೇಹಕ್ಕೆ ಅನ್ನ, ಮನಸ್ಸಿಗೆ ಕಿವಿ, ಎರಡೂ ಒಂದೇ ಕಡೆ ಸಿಕ್ಕವು. ಪ್ರಾರ್ಥನೆಯನ್ನು ಬಿಡಬೇಡಿ, ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಗುರುಗಳನ್ನು ಕರೆಯಿರಿ. ಗುಳಿಗೆಯನ್ನೂ ಬಿಡಬೇಡಿ.

ಆ ಅಜ್ಜಿಯ ಜೊತೆ ಮುಂದಿನ ತಿಂಗಳು ನಮ್ಮಲ್ಲಿ ಒಬ್ಬಳು ದವಾಖಾನೆಗೆ ಹೋದಳು. ಅವರ ಮಾತನ್ನು ಅವರು ಹೇಳಿದಂತೆಯೇ ಹೇಳಿದಳು. ವೈದ್ಯರು ಪೆನ್ನು ಕೆಳಗಿಟ್ಟು ಕೇಳಿದರು. ಈಗ ಚೀಟಿಯ ಮೇಲೆ ಶುಗರಿನ ಅಂಕಿಯ ಕೆಳಗೆ ನಿದ್ದೆ, ಊಟ, ಮನಸ್ಸು ಎಂದೂ ಬರೆಯುತ್ತಾರೆ. ಶುಗರ್ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಗೂಡಿನ ಗುಳಿಗೆ ಮಾತ್ರ ತಿಂಗಳು ತಿಂಗಳಿಗೆ ಖಾಲಿಯಾಗುತ್ತಿದೆ.

ಕುಟುಂಬ ಕೂಟದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ದಿನಾಲೂ ಗುಳಿಗೆ ನುಂಗುವವರು ಯಾರು? ಅವರ ನಿದ್ದೆ, ಊಟ, ಮನಸ್ಸಿನ ಬಗ್ಗೆ ನಾವು ಕೊನೆಯ ಸಲ ಕೇಳಿದ್ದು ಯಾವಾಗ?

2. ನಮ್ಮ ಮಾತಿನಲ್ಲಿ ದುಃಖಕ್ಕೆ ಇರುವ ಪದಗಳು ಯಾವುವು? ಅವನ್ನು ಮರಾಠಿಯಲ್ಲಿ ವೈದ್ಯರಿಗೆ ಹೇಗೆ ತಿಳಿಸುವಿರಿ?

3. ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ಏನು? ಏಕೆ?

4. ನಮ್ಮ ಓಣಿಯಲ್ಲಿ ದವಾಖಾನೆಗೆ ಒಂಟಿಯಾಗಿ ಹೋಗುವವರು ಯಾರಿದ್ದಾರೆ? ಬರುವ ತಿಂಗಳು ಅವರ ಜೊತೆ ಹೋಗುವವರು ಯಾರು?

ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಭಾನುವಾರ ಬಲಿಪೂಜೆಯ ನಂತರ ನಮಗೆ ತಿಳಿಸಿರಿ. ಪಟ್ಟಿ ಮಾಡಿ ಜೊತೆಗೆ ಹೋಗುವವರನ್ನು ಗೊತ್ತುಪಡಿಸುತ್ತೇವೆ.

ಯುವಜನ ಸಂಘದ ಪರವಾಗಿ, ಯುವ ಸಂಚಾಲಕರು