ಹಾಲ್‌ಸ್ಟೆಡ್ ಬೀದಿಯ ಮನೆ

ಹತ್ತೊಂಬತ್ತನೆಯ ಶತಮಾನವು ಯಂತ್ರಗಳ ಶತಮಾನ. ಉಗಿಯಂತ್ರದ ಬೆನ್ನಹಿಂದೆ ಕಾರ್ಖಾನೆ ಬಂದಿತು. ಕಾರ್ಖಾನೆಯ ಸುತ್ತ ನಗರ ಬೆಳೆಯಿತು. ಅಮೆರಿಕದ ಷಿಕಾಗೋ ನಗರವೇ ಇದಕ್ಕೆ ನಿದರ್ಶನ. 1840ರಲ್ಲಿ ಐದು ಸಾವಿರ ಜನರೂ ಇಲ್ಲದಿದ್ದ ಆ ಊರಿನ ಜನಸಂಖ್ಯೆ 1890ರ ವೇಳೆಗೆ ಹತ್ತು ಲಕ್ಷವನ್ನು ಮೀರಿತ್ತು. ಇಟಲಿ, ಜರ್ಮನಿ, ಐರ್ಲೆಂಡ್, ಪೋಲೆಂಡ್, ರಷ್ಯ, ಬೊಹೀಮಿಯಗಳಿಂದ ಹೊಟ್ಟೆಯ ಪಾಡಿಗಾಗಿ ಸಮುದ್ರ ದಾಟಿ ಬಂದ ಜನ ಅಲ್ಲಿ ಕಿಕ್ಕಿರಿದು ನೆರೆದರು. ನಗರವು ಅವರ ದುಡಿಮೆಯನ್ನು ಆದರದಿಂದ ಸ್ವೀಕರಿಸಿತು. ದುಡಿಯುವವರ ಬಾಳನ್ನು ಮಾತ್ರ ಮರೆಯಿತು.

ಒಂದು ಕುಟುಂಬಕ್ಕೆಂದು ಕಟ್ಟಿದ ಮರದ ಮನೆಯಲ್ಲಿ ಹಲವು ಕುಟುಂಬಗಳು ವಾಸಿಸುತ್ತಿದ್ದವು. ಎಷ್ಟೋ ಮನೆಗಳಿಗೆ ಹಿತ್ತಲಿನ ಒಂದು ನಲ್ಲಿಯೇ ನೀರಿನ ಆಧಾರ. ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳಲು ಬೇರೆ ದಾರಿಯಿರಲಿಲ್ಲ. ಬೀದಿಯ ಬದಿಯಲ್ಲಿ ನಿಲ್ಲಿಸಿದ್ದ ಮರದ ಕಸದ ಪೆಟ್ಟಿಗೆಗಳು ತುಂಬಿ ಚೆಲ್ಲುತ್ತಿದ್ದವು. ಆ ಪೆಟ್ಟಿಗೆಗಳ ಸುತ್ತಲೇ ಮಕ್ಕಳ ಆಟ.

ಇಂಥ ಬೀದಿಗಳ ನಡುವೆ ಬಂದು ನೆಲೆಸಿದವಳು ಜೇನ್ ಆಡಮ್ಸ್. ಆಕೆ ಹುಟ್ಟಿದ್ದು 1860ರಲ್ಲಿ, ಇಲಿನಾಯ್ ಸಂಸ್ಥಾನದ ಸೀಡರ್‌ವಿಲ್ ಎಂಬ ಹಳ್ಳಿಯಲ್ಲಿ. ತಂದೆ ಹಿಟ್ಟಿನ ಗಿರಣಿಯ ಒಡೆಯ. ಸಂಸ್ಥಾನದ ಶಾಸನಸಭೆಯ ಸದಸ್ಯ. ಜೇನಳಿಗೆ ಎರಡು ವರ್ಷವಾಗಿದ್ದಾಗಲೇ ತಾಯಿ ತೀರಿಕೊಂಡಳು. ಆರೇಳು ವರ್ಷದ ಬಾಲಿಕೆಯಾಗಿದ್ದಾಗ ಒಮ್ಮೆ ತಂದೆಯೊಡನೆ ಪಕ್ಕದ ಪಟ್ಟಣದ ಬಡವರ ಕೇರಿಯನ್ನು ಕಂಡಳು. ಜನರು ಇಷ್ಟು ಇಕ್ಕಟ್ಟಾದ, ಹೊಲಸಾದ ಗುಡಿಸಲುಗಳಲ್ಲಿ ಏಕೆ ಇರಬೇಕೆಂದು ತಂದೆಯನ್ನು ಕೇಳಿದಳು. ತಾನು ದೊಡ್ಡವಳಾದ ಮೇಲೆ ದೊಡ್ಡದೊಂದು ಮನೆ ಕಟ್ಟುವೆನೆಂದೂ ಅದು ಬೇರೆ ದೊಡ್ಡ ಮನೆಗಳ ಸಾಲಿನಲ್ಲಿರದೆ ಇಂಥ ಗುಡಿಸಲುಗಳ ನಡುವೆಯೇ ಇರುವುದೆಂದೂ ಹೇಳಿದಳು.

ಹಿರಿಯರು ಮಕ್ಕಳ ಇಂಥ ಮಾತನ್ನು ಕೇಳಿ ನಕ್ಕು ಮರೆಯುವುದುಂಟು. ಜೇನಳ ಬಾಳಿನಲ್ಲಿ ಅದು ಮರೆತುಹೋಗುವ ಮಾತಾಗಲಿಲ್ಲ. ತಂದೆಯ ಮರಣದ ತರುವಾಯ ಆಕೆ ವೈದ್ಯಶಿಕ್ಷಣಕ್ಕೆ ಸೇರಿದಳು. ಬೆನ್ನುಮೂಳೆಯ ಬೇನೆಯಿಂದ ಅದನ್ನು ಬಿಡಬೇಕಾಯಿತು. ಯುರೋಪಿನ ಪ್ರವಾಸದಲ್ಲಿ, ಪೂರ್ವ ಲಂಡನ್ನಿನಲ್ಲಿ, ಶನಿವಾರದ ರಾತ್ರಿ ಕೊಳೆತ ತರಕಾರಿಯ ಹರಾಜಿಗೆ ಬಡವರು ಕೈಚಾಚಿ ಮುಗಿಬೀಳುತ್ತಿದ್ದುದನ್ನು ಕಂಡಳು. ಆ ಕೈಗಳ ನೋಟ ಆಕೆಯನ್ನು ಬಹುಕಾಲ ಬಾಧಿಸಿತು. 1888ರಲ್ಲಿ ಅದೇ ಲಂಡನ್ನಿನ ಟಾಯ್ನ್‌ಬಿ ಹಾಲ್ ಎಂಬಲ್ಲಿ, ವಿದ್ಯಾವಂತ ತರುಣರು ಬಡವರ ಕೇರಿಯಲ್ಲಿಯೇ ವಾಸಮಾಡಿ ಸೇವೆ ಸಲ್ಲಿಸುತ್ತಿದ್ದುದನ್ನು ನೋಡಿದಾಗ ಆಕೆಗೆ ತನ್ನ ದಾರಿ ಸ್ಪಷ್ಟವಾಯಿತು. 1889ರ ಸೆಪ್ಟೆಂಬರಿನಲ್ಲಿ ಆಕೆ ಗೆಳತಿ ಎಲೆನ್ ಸ್ಟಾರಳೊಡನೆ ಷಿಕಾಗೋದ ಹಾಲ್‌ಸ್ಟೆಡ್ ಬೀದಿಯ ಒಂದು ಹಳೆಯ ಮನೆಗೆ ಬಂದಳು. ಚಾರ್ಲ್ಸ್ ಹಲ್ ಎಂಬಾತ ಕಟ್ಟಿಸಿದ್ದ ಆ ಮನೆಯೇ ಮುಂದೆ ‘ಹಲ್ ಹೌಸ್’ ಎಂದು ಪ್ರಖ್ಯಾತವಾಯಿತು.

ಮೊದಲಿಗೆ ಅಲ್ಲಿ ಶಿಶುವಿಹಾರ, ಓದುವ ಕೂಟ, ಹುಡುಗರ ಸಂಘ ಇವೆಲ್ಲ ನಡೆದವು. ಮೊದಲನೆಯ ಕ್ರಿಸ್‌ಮಸ್ ಹಬ್ಬ ಬಂದಿತು. ನೆರೆಯ ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದಾಗ ಕೆಲವು ಹುಡುಗಿಯರು ಕೈ ಹಿಂದಕ್ಕೆಳೆದುಕೊಂಡರು. ಮಿಠಾಯಿ ಬೇಡವೆನ್ನುವ ಮಕ್ಕಳೂ ಉಂಟೆ? ವಿಚಾರಿಸಿದಾಗ ನಿಜ ಹೊರಬಿದ್ದಿತು. ಅವರು ಮಿಠಾಯಿ ಕಾರ್ಖಾನೆಯ ಕೂಲಿಗಳು. ಆರು ವಾರಗಳಿಂದ ಬೆಳಗಿನ ಏಳರಿಂದ ರಾತ್ರಿ ಒಂಬತ್ತರವರೆಗೆ ದುಡಿದು ಸಾಕಾಗಿದ್ದವರು. ಮಿಠಾಯಿಯನ್ನು ಕಣ್ಣಿನಿಂದ ನೋಡುವುದೂ ಅವರಿಗೆ ಅಸಹ್ಯವಾಗಿತ್ತು.

ಅದೇ ಕಾಲದಲ್ಲಿ ಇನ್ನೊಂದು ಘಟನೆ ನಡೆಯಿತು. ಹತ್ತಿರದ ಕಾರ್ಖಾನೆಯೊಂದರ ಒಂದೇ ಯಂತ್ರಕ್ಕೆ ಸಿಕ್ಕಿ ಹಲ್ ಹೌಸಿನ ಸಂಘದ ಮೂವರು ಹುಡುಗರು ಗಾಯಗೊಂಡರು. ಅವರಲ್ಲಿ ಒಬ್ಬ ಸತ್ತನು. ಕೆಲವೇ ಡಾಲರುಗಳ ವೆಚ್ಚದಲ್ಲಿ ಯಂತ್ರಕ್ಕೆ ರಕ್ಷಣೆಯ ತಡೆಯೊಂದನ್ನು ಹಾಕಿಸಿದ್ದರೆ ಆ ಅನಾಹುತ ತಪ್ಪುತ್ತಿತ್ತು. ಒಡೆಯರು ಮರುಗಿ ತಡೆಯನ್ನು ಹಾಕಿಸುವರೆಂದು ಜೇನ್ ನಂಬಿದ್ದಳು. ಅವರು ಏನನ್ನೂ ಮಾಡಲಿಲ್ಲ. ಅಜಾಗರೂಕತೆಯಿಂದ ಪೆಟ್ಟಾದರೆ ಪರಿಹಾರ ಕೇಳುವುದಿಲ್ಲವೆಂದು ದುಡಿಯುವ ಮಕ್ಕಳ ತಂದೆತಾಯಿಗಳಿಂದ ಮೊದಲೇ ಬರೆಸಿಕೊಳ್ಳುವ ಪದ್ಧತಿ ಇದ್ದಿತು! ಮರುಕ ಮಾತ್ರದಿಂದ ಕೇಡು ನೀಗದು, ಕಾನೂನು ಬೇಕು ಎಂಬುದನ್ನು ಆಕೆ ಅಂದು ಮನಗಂಡಳು.

1891ರ ಕೊನೆಯಲ್ಲಿ ಹಲ್ ಹೌಸಿಗೆ ಬಂದ ಫ್ಲಾರೆನ್ಸ್ ಕೆಲ್ಲಿ ಎಂಬ ಧೀರ ಮಹಿಳೆ ಈ ಕಾರ್ಯವನ್ನು ಕೈಗೆತ್ತಿಕೊಂಡಳು. ಸಿದ್ಧ ಉಡುಪಿನ ವ್ಯಾಪಾರಿಗಳು ಗುತ್ತಿಗೆದಾರರ ಮೂಲಕ ಬಡವರ ಮನೆಗಳಲ್ಲಿಯೇ ಹೊಲಿಗೆಯ ಕೆಲಸ ಮಾಡಿಸುತ್ತಿದ್ದರು. ಉಣ್ಣುವ, ಮಲಗುವ, ರೋಗಿಗಳು ನರಳುವ ಕೋಣೆಯೇ ಅಲ್ಲಿ ಕಾರ್ಖಾನೆ. ನಾಲ್ಕು ವರ್ಷದ ಹೆಣ್ಣುಮಗುವೊಂದು ತಾಯಿಯ ಕಾಲಬಳಿ ಕುಳಿತು ಗಂಟೆಗಟ್ಟಲೆ ಕಚ್ಚಾಹೊಲಿಗೆಯ ದಾರ ಬಿಡಿಸುತ್ತಿದ್ದುದನ್ನು ಜೇನ್ ಕಂಡಿದ್ದಳು. ಕೆಲ್ಲಿ ಮೆಟ್ಟಿಲು ಹತ್ತಿ ಇಳಿದು ಈ ಸಂಗತಿಗಳನ್ನೆಲ್ಲ ದಾಖಲೆ ಮಾಡಿದಳು. ಅದರ ಫಲವಾಗಿ 1893ರಲ್ಲಿ ಇಲಿನಾಯ್ ಸಂಸ್ಥಾನದಲ್ಲಿ ಕಾರ್ಖಾನೆಯ ಕಾನೂನು ಬಂದಿತು. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸಕೂಡದು, ಹೆಂಗಸರ ದುಡಿಮೆ ದಿನಕ್ಕೆ ಎಂಟು ಗಂಟೆಯನ್ನು ಮೀರಕೂಡದು ಎಂಬುದು ಅದರ ಮುಖ್ಯಾಂಶ. ಕೆಲ್ಲಿಯೇ ಮುಖ್ಯ ತನಿಖಾಧಿಕಾರಿಯಾದಳು. ಆದರೆ 1895ರಲ್ಲಿ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು ಎಂಟು ಗಂಟೆಯ ನಿಯಮವನ್ನು ತಳ್ಳಿಹಾಕಿತು. ಸುಧಾರಕರು ಎದೆಗುಂದಲಿಲ್ಲ. 1909ರಲ್ಲಿ ಹತ್ತು ಗಂಟೆಯ ಮಿತಿ ವಿಧಿಸುವ ಇನ್ನೊಂದು ಕಾನೂನು ಬಂದಿತು. ಮರುವರ್ಷ ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಜೇನಳ ಹೋರಾಟ ಕಸದ ವಿರುದ್ಧವೂ ನಡೆಯಿತು. 1894ರ ಬೇಸಗೆಯಲ್ಲಿ ಹಲ್ ಹೌಸಿನ ಮಹಿಳಾ ಸಂಘದವರು ಓಣಿ ಓಣಿ ಸುತ್ತಿದರು. ಎರಡು ತಿಂಗಳಲ್ಲಿ 1,037 ದೂರುಗಳನ್ನು ಆರೋಗ್ಯ ಇಲಾಖೆಗೆ ಕಳುಹಿಸಿದರು. ಹೆಚ್ಚಿನ ಪ್ರಯೋಜನವಾಗಲಿಲ್ಲ. ಮರುವರ್ಷ ಜೇನ್ ಕಸ ಸಾಗಿಸುವ ಗುತ್ತಿಗೆಗೆ ತಾನೇ ಅರ್ಜಿ ಹಾಕಿದಳು. ಅರ್ಜಿ ತಿರಸ್ಕೃತವಾಯಿತು, ಆದರೆ ನಗರದ ಮೇಯರು ಆಕೆಯನ್ನು ಆ ವಾರ್ಡಿನ ಕಸದ ತನಿಖಾಧಿಕಾರಿಯಾಗಿ ನೇಮಿಸಿದನು. ವಿದ್ಯಾವಂತ ಮಹಿಳೆಯೊಬ್ಬಳು ಬೆಳಗಿನ ಆರು ಗಂಟೆಗೆ ಎದ್ದು ಕಸದ ಬಂಡಿಗಳ ಹಿಂದೆ ಹೋಗುವುದನ್ನು ಕಂಡು ಕೇರಿಯ ಕೆಲವರು ಬೆರಗಾದರು, ಕೆಲವರು ಹಳಿದರು. ಒಂದು ಬೀದಿಯಲ್ಲಿ ಕಸವನ್ನು ಅಗೆದು ತೆಗೆದಾಗ, ಹತ್ತಿರದ ನಿವಾಸಿಗಳಿಗೂ ತಿಳಿಯದಿದ್ದ ನೆಲಗಟ್ಟು ಹದಿನೆಂಟು ಅಂಗುಲ ಕೆಳಗೆ ಕಾಣಿಸಿತು! ಮರಣಪ್ರಮಾಣದಲ್ಲಿ ನಗರಕ್ಕೆ ಮೂರನೆಯದಾಗಿದ್ದ ಆ ವಾರ್ಡು ಮುಂದೆ ಏಳನೆಯ ಸ್ಥಾನಕ್ಕೆ ಇಳಿಯಿತು. ಈ ಸುದ್ದಿಯನ್ನು ಸಭೆಯಲ್ಲಿ ಓದಿದಾಗ ಮಹಿಳೆಯರು ಚಪ್ಪಾಳೆ ತಟ್ಟಿ ಹರ್ಷಿಸಿದರು. ಅದು ಅವರೆಲ್ಲರ ಗೆಲುವಾಗಿತ್ತು.

1931ರಲ್ಲಿ ಜೇನ್ ಆಡಮ್ಸಳಿಗೆ ನೊಬೆಲ್ ಶಾಂತಿ ಪಾರಿತೋಷಕದ ಗೌರವ ದೊರೆಯಿತು. 1935ರಲ್ಲಿ ಆಕೆ ನಿಧನಹೊಂದಿದಳು. ಹದಿಮೂರು ಕಟ್ಟಡಗಳಾಗಿ ಬೆಳೆದಿದ್ದ ಹಲ್ ಹೌಸಿನ ಬಹುಭಾಗವನ್ನು 1960ರ ದಶಕದಲ್ಲಿ ವಿಶ್ವವಿದ್ಯಾನಿಲಯಕ್ಕಾಗಿ ಕೆಡವಲಾಯಿತು. ಮೂಲದ ಹಳೆಯ ಮನೆ ವಸ್ತುಸಂಗ್ರಹಾಲಯವಾಗಿ ಉಳಿದಿದೆ.

ದೂರ ನಿಂತು ಮರುಗುವುದು ಸುಲಭ. ಹತ್ತಿರ ಹೋಗಿ ನೆಲೆಸುವುದು ಕಷ್ಟ. ಜೇನ್ ಬಡವರಿಗೆ ಮೊದಲು ಕೊಟ್ಟದ್ದು ಹಣವನ್ನಲ್ಲ, ನೆರೆಹೊರೆಯನ್ನು. ನೆರೆಯವಳಾದುದರಿಂದಲೇ ಮಿಠಾಯಿ ಬೇಡವೆಂದ ಮಗುವಿನ ಮೌನ ಆಕೆಗೆ ಅರ್ಥವಾಯಿತು. ಗುಡಿಸಲುಗಳ ನಡುವೆ ಮನೆ ಮಾಡುವೆನೆಂದ ಬಾಲಿಕೆಯ ಮಾತು ಹಾಗೆ ನಿಜವಾಯಿತು.